ಚಿಲ್ಲರೆ ಕಾಸು ಕಟ್ಟಿದ ಬೀದಿ: ಅಟ್ಲಾಂಟಾದ ‘ಸ್ವೀಟ್ ಆಬರ್ನ್’

ಅಮೆರಿಕದ ಜಾರ್ಜಿಯಾ ರಾಜ್ಯದ ರಾಜಧಾನಿ ಅಟ್ಲಾಂಟಾಕ್ಕೆ ಹೋದವರು ಸಾಮಾನ್ಯವಾಗಿ ಆಬರ್ನ್ ಅವೆನ್ಯೂ ಬೀದಿಯ 501ನೇ ನಂಬರಿನ ಮನೆಯನ್ನು ನೋಡಿಯೇ ಬರುತ್ತಾರೆ. 1929ರ ಜನವರಿ 15ರಂದು ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹುಟ್ಟಿದ ಮನೆ ಅದು. ಅಲ್ಲಿಂದ ಕೆಲವೇ ಹೆಜ್ಜೆಗೆ ಅವರ ಅಜ್ಜ, ಅಪ್ಪ ಮತ್ತು ಅವರು ಸ್ವತಃ ಬೋಧಿಸಿದ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚು. ಅದರ ಮಗ್ಗುಲಲ್ಲಿ, ತಿಳಿನೀರಿನ ಕೊಳದ ನಡುವೆ, ಕಿಂಗ್ ದಂಪತಿಯ ಸಮಾಧಿ. ಒಂದು ಫೋಟೊ ತೆಗೆಸಿಕೊಂಡು ಹೆಚ್ಚಿನವರು ಕಾರು ಹತ್ತುತ್ತಾರೆ. ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ನಡೆದು, ಹೆದ್ದಾರಿಯ ಕಾಂಕ್ರೀಟ್ ಸೇತುವೆಯ ಅಡಿಯಲ್ಲಿ ಹಾದು ಆಚೆಗೆ ಹೋಗುವವರು ಕಡಿಮೆ. ಕಿಂಗ್ ಎಂಥ ನೆಲದಿಂದ ಎದ್ದು ಬಂದರು ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ಆ ಭಾಗವನ್ನೇ.

ಈ ಬೀದಿಯ ಮೊದಲ ಹೆಸರು ವೀಟ್ ಸ್ಟ್ರೀಟ್. 1893ರಲ್ಲಿ ಆಬರ್ನ್ ಅವೆನ್ಯೂ ಆಯಿತು. ಆಗಿನ್ನೂ ಇಲ್ಲಿ ಕಪ್ಪು ಜನರೂ ಬಿಳಿಯರೂ ಬೆರೆತು ವಾಸವಿದ್ದರು. ಕಪ್ಪು ವ್ಯಾಪಾರಿಗಳ ಅಂಗಡಿಗಳು ಊರಿನ ನಡುಪೇಟೆಯಲ್ಲೂ ಇದ್ದವು. ಅದನ್ನೆಲ್ಲ ಬದಲಿಸಿದ್ದು 1906ರ ಸೆಪ್ಟೆಂಬರ್. ಕಪ್ಪು ಗಂಡಸರು ಬಿಳಿ ಹೆಂಗಸರ ಮೇಲೆ ಕೈಮಾಡಿದರೆಂದು ಪತ್ರಿಕೆಗಳು ಆಧಾರವಿಲ್ಲದ ಸುದ್ದಿಗಳನ್ನು ದಪ್ಪಕ್ಷರದಲ್ಲಿ ಹಾಕಿದವು. ಸಾವಿರಾರು ಬಿಳಿಯರ ಗುಂಪು ಬೀದಿಗಿಳಿದು ಕಂಡಕಂಡ ಕಪ್ಪು ಜನರನ್ನು ಟ್ರಾಮುಗಳಿಂದ ಎಳೆದು ಹೊಡೆಯಿತು, ಕ್ಷೌರದಂಗಡಿಗಳಿಗೆ ನುಗ್ಗಿ ಕೊಂದಿತು. ಆ ದಿನಗಳ ನಂತರ ನಡುಪೇಟೆಯಲ್ಲಿ ವ್ಯಾಪಾರ ಮಾಡುವ ಧೈರ್ಯ ಉಳಿಯಲಿಲ್ಲ, ಬಾಡಿಗೆಗೆ ಜಾಗವೂ ಸಿಗಲಿಲ್ಲ. ಕಪ್ಪು ವರ್ತಕರು, ವೈದ್ಯರು, ಮುದ್ರಕರು ಒಬ್ಬೊಬ್ಬರಾಗಿ ಆಬರ್ನ್ ಅವೆನ್ಯೂಗೆ ಬಂದು ನೆಲೆಸಿದರು. ಓಡಿಸಲ್ಪಟ್ಟವರು ಸೇರಿಕೊಂಡ ಬೀದಿ ಇದು. ಐವತ್ತು ವರ್ಷಗಳ ನಂತರ, 1956ರಲ್ಲಿ, ‘ಫಾರ್ಚ್ಯೂನ್’ ಪತ್ರಿಕೆ ಇದನ್ನು ಜಗತ್ತಿನಲ್ಲೇ ಅತ್ಯಂತ ಸಿರಿವಂತ ನೀಗ್ರೋ ಬೀದಿ ಎಂದು ಕರೆಯಿತು.

ಆ ಸಿರಿ ಬಂದ ಬಗೆಯನ್ನು ಒಬ್ಬ ಮನುಷ್ಯನ ಮೂಲಕ ಹೇಳಬಹುದು. ಅಲಾಂಜೊ ಹರ್ನ್‌ಡನ್ 1858ರಲ್ಲಿ ಗುಲಾಮನಾಗಿ ಹುಟ್ಟಿದವರು. ತಂದೆ ಅವರ ಒಡೆಯನೇ. ಬಿಡುಗಡೆಯ ಹೊತ್ತಿಗೆ ಏಳು ವರ್ಷ. ಕೈಯಲ್ಲಿ ಹನ್ನೊಂದು ಡಾಲರ್, ತಲೆಯಲ್ಲಿ ಒಂದು ವರ್ಷದಷ್ಟು ಶಾಲೆಯ ಓದು ಇಟ್ಟುಕೊಂಡು 1878ರಲ್ಲಿ ಹಳ್ಳಿ ಬಿಟ್ಟು, ಕ್ಷೌರದ ಕಸುಬು ಕಲಿತು ಅಟ್ಲಾಂಟಾಕ್ಕೆ ಬಂದರು. ಪೀಚ್‌ಟ್ರೀ ಬೀದಿಯಲ್ಲಿ ಅವರು ನಡೆಸಿದ ಕ್ಷೌರದಂಗಡಿಯಲ್ಲಿ ಅಮೃತಶಿಲೆಯ ನೆಲ, ತೂಗುದೀಪಗಳು, ಆಳೆತ್ತರದ ಕನ್ನಡಿಗಳು. ಕತ್ತರಿ ಹಿಡಿದವರೆಲ್ಲ ಕಪ್ಪು ಜನ, ಕುರ್ಚಿಯಲ್ಲಿ ಕೂತವರೆಲ್ಲ ಬಿಳಿಯ ನ್ಯಾಯಾಧೀಶರು, ವ್ಯಾಪಾರಿಗಳು, ರಾಜಕಾರಣಿಗಳು. ಹರ್ನ್‌ಡನ್ ತಮ್ಮದೇ ಅಂಗಡಿಯಲ್ಲಿ ತಮ್ಮ ಜನಕ್ಕೆ ಕ್ಷೌರ ಮಾಡುವಂತಿರಲಿಲ್ಲ. ಅಲ್ಲಿ ಗಳಿಸಿದ ಹಣ ಮಾತ್ರ ಆಬರ್ನ್ ಅವೆನ್ಯೂಗೆ ಬಂತು.

1905ರಲ್ಲಿ ಜಾರ್ಜಿಯಾ ರಾಜ್ಯ ಒಂದು ಕಾನೂನು ಮಾಡಿತು: ವಿಮೆಯ ವ್ಯವಹಾರ ಮಾಡುವ ಸಂಘಗಳು 5,000 ಡಾಲರ್ ಠೇವಣಿ ಇಡಬೇಕು. ಚರ್ಚುಗಳ ಆಶ್ರಯದಲ್ಲಿ ನಡೆಯುತ್ತಿದ್ದ ಪುಟ್ಟ ಸಂಘಗಳಿಗೆ ಅದು ನಿಲುಕದ ಮೊತ್ತ. ವೀಟ್ ಸ್ಟ್ರೀಟ್ ಚರ್ಚಿನ ಪಾದ್ರಿ ಪೀಟರ್ ಜೇಮ್ಸ್ ಬ್ರಯಾಂಟ್ ತಮ್ಮ ಸಂಘವನ್ನು ಉಳಿಸಿಕೊಡಿ ಎಂದು ಹರ್ನ್‌ಡನ್ ಬಳಿಗೆ ಹೋದರು. ಹರ್ನ್‌ಡನ್ 140 ಡಾಲರ್ ಕೊಟ್ಟು ಅದನ್ನು ಕೊಂಡು, ಠೇವಣಿಯನ್ನೂ ಕಟ್ಟಿದರು. ಮುಂದೆ ‘ಅಟ್ಲಾಂಟಾ ಲೈಫ್’ ಎಂದು ಹೆಸರಾದ ಕಂಪನಿ ಹುಟ್ಟಿದ್ದು ಹೀಗೆ.

ಏಜೆಂಟರು ವಾರವಾರ ಮನೆಮನೆಗೆ ಹೋಗಿ ಐದು ಸೆಂಟು, ಹತ್ತು ಸೆಂಟು ವಸೂಲು ಮಾಡುತ್ತಿದ್ದರು. ಬಟ್ಟೆ ಒಗೆಯುವ, ಅಡುಗೆ ಮಾಡುವ, ಗಾರೆ ಹೊರುವ ಜನ ಕಟ್ಟುತ್ತಿದ್ದ ಕಾಸು ಅದು. ಕಾಯಿಲೆ ಬಿದ್ದರೆ ಅಷ್ಟಿಷ್ಟು ಕೂಲಿ, ಸತ್ತರೆ ಮರ್ಯಾದೆಯ ಅಂತ್ಯಕ್ರಿಯೆ. ಬಿಳಿಯರ ಕಂಪನಿಗಳು ಕಪ್ಪು ಜನಕ್ಕೆ ವಿಮೆ ನಿರಾಕರಿಸುತ್ತಿದ್ದವು, ಇಲ್ಲವೇ ಅದೇ ಕಂತಿಗೆ ಕಡಿಮೆ ಪರಿಹಾರ ಕೊಡುತ್ತಿದ್ದವು. ಊರೊಟ್ಟಿನ ಚೀಟಿ ಹಣದಂತೆ ಕೂಡಿಬಿದ್ದ ಈ ದುಡ್ಡು ಬರಬರುತ್ತಾ ಮನೆಸಾಲವಾಯಿತು, ಚರ್ಚಿನ ಕಟ್ಟಡವಾಯಿತು, ಓದಿದ ಹುಡುಗ ಹುಡುಗಿಯರಿಗೆ ಗುಮಾಸ್ತಿಕೆಯ ಕೆಲಸವಾಯಿತು. ಬಿಳಿಯ ಯಜಮಾನನ ಮುಲಾಜಿಲ್ಲದ ಸಂಬಳ ಎಂಬುದು ಆ ಕಾಲದ ಅಮೆರಿಕದ ದಕ್ಷಿಣದಲ್ಲಿ ಎಂಥ ದೊಡ್ಡ ವಸ್ತುವಾಗಿತ್ತು ಎಂಬುದನ್ನು ಮರೆಯಬಾರದು. ಚಳವಳಿಗೆ ಇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಇಲ್ಲದ ಒಂದು ವರ್ಗವನ್ನು ಈ ಬೀದಿ ಬೆಳೆಸಿತು.

ಹರ್ನ್‌ಡನ್ ಒಬ್ಬರೇ ಅಲ್ಲ. ಆಡ್‌ಫೆಲೋಸ್ ಎಂಬ ಸಹೋದರ ಸಂಘ 1912ರಲ್ಲಿ ಆರಂತಸ್ತಿನ ಕಟ್ಟಡ ಎಬ್ಬಿಸಿತು. ಅದನ್ನು ಉದ್ಘಾಟಿಸಿದವರು ಆ ಕಾಲದ ಕಪ್ಪು ನಾಯಕ ಬೂಕರ್ ಟಿ. ವಾಷಿಂಗ್ಟನ್. ಕಟ್ಟಿದ ಗುತ್ತಿಗೆದಾರ ಕಪ್ಪು ಮನುಷ್ಯ, ಗೋಡೆಯ ಮೇಲಿನ ಸುಟ್ಟಮಣ್ಣಿನ ಮುಖಗಳೂ ಆಫ್ರಿಕನ್ ಚಹರೆಯವು. ಇಂದಿಗೂ ತಲೆ ಎತ್ತಿ ನೋಡಿದರೆ ಅವು ಕಾಣುತ್ತವೆ. ಒಳಗೆ ವೈದ್ಯರು, ದಂತವೈದ್ಯರು, ವಕೀಲರ ಕಚೇರಿಗಳಿದ್ದವು, ಪಕ್ಕದಲ್ಲಿ ಸಭಾಂಗಣ. 1921ರಲ್ಲಿ ಹೀಮನ್ ಪೆರಿ ‘ಸಿಟಿಜನ್ಸ್ ಟ್ರಸ್ಟ್’ ಬ್ಯಾಂಕ್ ತೆರೆದರು. ಆ ಬ್ಯಾಂಕ್ ಈಗಲೂ ನಡೆಯುತ್ತಿದೆ. 1928ರಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಕಾಟ್ ಆರಂಭಿಸಿದ ‘ಅಟ್ಲಾಂಟಾ ವರ್ಲ್ಡ್’ ನಾಲ್ಕೇ ವರ್ಷಗಳಲ್ಲಿ ದಿನಪತ್ರಿಕೆಯಾಗಿ ‘ಅಟ್ಲಾಂಟಾ ಡೈಲಿ ವರ್ಲ್ಡ್’ ಆಯಿತು. 1949ರಲ್ಲಿ ಲೆಕ್ಕಪರಿಶೋಧಕ ಜೆಸ್ಸಿ ಬ್ಲೇಟನ್ ‘ಡಬ್ಲ್ಯುಇಆರ್‌ಡಿ’ ರೇಡಿಯೊ ಕೇಂದ್ರವನ್ನು ಕೊಂಡರು. ಅಮೆರಿಕದಲ್ಲಿ ಕಪ್ಪು ಒಡೆತನದ ಮೊದಲ ರೇಡಿಯೊ ಅದು. ಅದು ನೆಲೆಗೊಂಡದ್ದು ಆಬರ್ನ್‌ನಲ್ಲಿ ಪ್ರಿನ್ಸ್ ಹಾಲ್ ಮೇಸನ್ಸ್ ಎಂಬ ಕಪ್ಪು ಸಹೋದರ ಸಂಘದ ಕಟ್ಟಡದಲ್ಲಿ. ಕಿಂಗ್ ಅವರ ಸಂಘಟನೆಯಾದ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್‌ನ ಕಚೇರಿಯೂ ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿತ್ತು. ಕಿಂಗ್ ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟಿದರೆ ಮೇಲಿನ ರೇಡಿಯೊದವರು ಮೈಕು ಇಳಿಬಿಡುತ್ತಿದ್ದರು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ.

ಮೇಸನಿಕ್ ಕಟ್ಟಡದ ಹಿಂದಿದ್ದವರು ಜಾನ್ ವೆಸ್ಲಿ ಡಾಬ್ಸ್. ವೃತ್ತಿಯಿಂದ ರೈಲ್ವೆ ಅಂಚೆಯ ಗುಮಾಸ್ತ. ಬೀದಿಗೆ ‘ಸ್ವೀಟ್ ಆಬರ್ನ್’ ಎಂಬ ಅಕ್ಕರೆಯ ಹೆಸರು ಕೊಟ್ಟವರೂ ಅವರೇ. ಪುಸ್ತಕ, ಮತ, ಹಣ ಈ ಮೂರರಿಂದಲೇ ಬಿಡುಗಡೆ ಎಂಬುದು ಅವರು ಊರೂರು ಸುತ್ತಿ ಸಾರಿದ ಮಾತು. ನಗರದ ಪೊಲೀಸ್ ಪಡೆಗೆ ಕಪ್ಪು ಜನರನ್ನೂ ಸೇರಿಸಿಕೊಳ್ಳಿ ಎಂದು ಕೇಳಿದಾಗ ಮೇಯರ್ ಹಾರ್ಟ್ಸ್‌ಫೀಲ್ಡ್, 10,000 ಮತದಾರರನ್ನು ತಂದು ಆಮೇಲೆ ಕೇಳಿ ಎಂದರಂತೆ. 1946ರಲ್ಲಿ, ಜಾರ್ಜಿಯಾದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಬಿಳಿಯರಿಗಷ್ಟೇ ಮತವಿದ್ದ ಪ್ರಾಥಮಿಕ ಚುನಾವಣೆಯನ್ನು ನ್ಯಾಯಾಲಯ ರದ್ದು ಮಾಡಿದ ಕೂಡಲೇ, ಚರ್ಚುಗಳು, ಸಹೋದರ ಸಂಘಗಳು, ವಕೀಲರು, ಉಪಾಧ್ಯಾಯರು ಒಟ್ಟಾಗಿ ಕೇರಿಕೇರಿಗೆ ನುಗ್ಗಿದರು. ಕೆಲವೇ ವಾರಗಳಲ್ಲಿ ಅಟ್ಲಾಂಟಾದ ಕಪ್ಪು ಮತದಾರರ ಸಂಖ್ಯೆ ಸುಮಾರು 7,000ದಿಂದ 21,000 ದಾಟಿತು.

1948ರಲ್ಲಿ ಎಂಟು ಮಂದಿ ಕಪ್ಪು ಪೊಲೀಸರ ನೇಮಕವಾಯಿತು. ಬಿಳಿಯರನ್ನು ಬಂಧಿಸುವ ಅಧಿಕಾರ ಅವರಿಗಿರಲಿಲ್ಲ. ಠಾಣೆಯಲ್ಲಿ ಸಮವಸ್ತ್ರ ಬದಲಿಸುವುದಕ್ಕೂ ಜಾಗವಿಲ್ಲದೆ ಅವರು ಆಬರ್ನ್ ಪಕ್ಕದ ಬಟ್ಲರ್ ಸ್ಟ್ರೀಟ್ ವೈಎಂಸಿಎಯಿಂದ ಕರ್ತವ್ಯಕ್ಕೆ ಹೊರಡುತ್ತಿದ್ದರು. ಆ ವೈಎಂಸಿಎಯನ್ನು ಜನ ಕಪ್ಪು ಅಟ್ಲಾಂಟಾದ ಪುರಭವನ ಎನ್ನುತ್ತಿದ್ದರು. ಅಲ್ಲಿನ ಹಂಗ್ರಿ ಕ್ಲಬ್‌ನಲ್ಲಿ ಊಟದ ಹೊತ್ತಿಗೆ ಕಪ್ಪು ನಾಯಕರೂ ಬಿಳಿಯ ರಾಜಕಾರಣಿಗಳೂ ಎದುರುಬದುರು ಕೂತು ಮಾತಾಡುತ್ತಿದ್ದರು. ಅದೇ 1948ರಲ್ಲಿ, ನಗರದ ವಕೀಲರ ಸಂಘಕ್ಕೆ ಪ್ರವೇಶವಿಲ್ಲದ ಕಪ್ಪು ವಕೀಲರು ಎ. ಟಿ. ವಾಲ್ಡನ್ ಮುಂದಾಳುತನದಲ್ಲಿ ತಮ್ಮದೇ ಗೇಟ್ ಸಿಟಿ ಬಾರ್ ಅಸೋಸಿಯೇಷನ್ ಕಟ್ಟಿಕೊಂಡರು.

ಸಂಜೆಯಾದರೆ ಬೀದಿಗೆ ಬೇರೆಯದೇ ಕಳೆ. 1938ರಲ್ಲಿ ತೆರೆದ ಟಾಪ್ ಹ್ಯಾಟ್ ಕ್ಲಬ್ ಅನ್ನು ಕ್ಯಾರಿ ಕನಿಂಗ್‌ಹ್ಯಾಮ್ ಎಂಬ ಮಹಿಳೆ 1949ರಲ್ಲಿ ಕೊಂಡು ‘ರಾಯಲ್ ಪೀಕಾಕ್’ ಎಂದು ಹೆಸರಿಟ್ಟರು. ರೇ ಚಾರ್ಲ್ಸ್, ಜೇಮ್ಸ್ ಬ್ರೌನ್, ಲಿಟಲ್ ರಿಚರ್ಡ್, ಗ್ಲಾಡಿಸ್ ನೈಟ್ ಹಾಡಿದ ವೇದಿಕೆ ಅದು. ಕೆಲವೇ ಹೆಜ್ಜೆ ಆಚೆ ಬಿಗ್ ಬೆಥೆಲ್ ಚರ್ಚಿನಲ್ಲಿ 1930ರಿಂದ ‘ಹೆವನ್ ಬೌಂಡ್’ ಎಂಬ ಜಾನಪದ ನಾಟಕ. ಸ್ವರ್ಗದ ದಾರಿ ಹಿಡಿದ ಯಾತ್ರಿಕರು ಒಬ್ಬೊಬ್ಬರಾಗಿ ಚರ್ಚಿನ ಸಾಲುಗಳ ನಡುವೆ ನಡೆಯುತ್ತಾರೆ, ಸೈತಾನ ಅವರನ್ನು ಅಡ್ಡಗಟ್ಟುತ್ತಾನೆ, ಗಾಯಕವೃಂದ ಹಾಡುತ್ತದೆ. ಪಾತ್ರಧಾರಿಗಳು ಆ ಸಭೆಯವರೇ. ನಮ್ಮ ಬಯಲಾಟ ಬಲ್ಲವರಿಗೆ ಆ ಸೈತಾನ ಹೊಸಬನೆನಿಸಲಾರ. ಡಾಬ್ಸ್ ಅವರ ಮಗಳು ಮ್ಯಾಟಿವಿಲ್ಡಾ ಡಾಬ್ಸ್ ಒಪೆರಾ ಗಾಯಕಿಯಾಗಿ 1956ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಸೇರಿದರು. ಬಣ್ಣದ ಮೇಲೆ ಕುರ್ಚಿ ವಿಂಗಡಿಸಿದ ಸಭೆಯ ಮುಂದೆ ಹಾಡುವುದಿಲ್ಲ ಎಂದು ಆಕೆ ಹಟ ಹಿಡಿದರು. 1973ರಲ್ಲಿ ಡಾಬ್ಸ್ ಅವರ ಮೊಮ್ಮಗ ಮೇನಾರ್ಡ್ ಜಾಕ್ಸನ್ ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಆಗಿ ಆಯ್ಕೆಯಾದಾಗ, ಪದಗ್ರಹಣದಲ್ಲಿ ಹಾಡಿದವರು ಈ ಚಿಕ್ಕಮ್ಮನೇ.

ಬೀದಿ ಒಂದೇ ದನಿಯಲ್ಲಿ ಮಾತಾಡಿತು ಎಂದು ತಿಳಿಯುವುದು ತಪ್ಪು. 1960ರಲ್ಲಿ ವಿದ್ಯಾರ್ಥಿಗಳು ಕಪ್ಪು ಜನಕ್ಕೆ ಬಡಿಸದ ಊಟದ ಕೌಂಟರುಗಳ ಮುಂದೆ ಧರಣಿ ಕೂತಾಗ ಡೈಲಿ ವರ್ಲ್ಡ್ ಅವರ ದಾರಿಯನ್ನು ಒಪ್ಪಲಿಲ್ಲ. ಹಿರಿಯರು ಕಾದು ಕೂತು ಒಪ್ಪಂದ ಮಾಡುವವರು, ಕಿರಿಯರಿಗೆ ಕಾಯುವ ವ್ಯವಧಾನವಿರಲಿಲ್ಲ. ಆಗ ಅಟ್ಲಾಂಟಾ ಲೈಫ್‌ನ ತರುಣ ಅಧಿಕಾರಿ ಜೆಸ್ಸಿ ಹಿಲ್ ಮುಂತಾದವರ ಬೆಂಬಲದಿಂದ ‘ಅಟ್ಲಾಂಟಾ ಇನ್‌ಕ್ವೈರರ್’ ಎಂಬ ಹೊಸ ಪತ್ರಿಕೆ ಹೊರಟಿತು. ಆ ಜಗಳವೂ ಆರೋಗ್ಯದ ಲಕ್ಷಣವೇ. ಎರಡು ಅಭಿಪ್ರಾಯಕ್ಕೆ ಎರಡು ಪತ್ರಿಕೆಗಳನ್ನು ನಡೆಸುವ ಶಕ್ತಿ ಈ ಬೀದಿಗಿತ್ತು.

ಆಮೇಲೆ ಕುಸಿತ. ನಾಗರಿಕ ಹಕ್ಕುಗಳು ಬಂದ ಮೇಲೆ ಕಪ್ಪು ಗಿರಾಕಿಗೆ ಎಲ್ಲ ಅಂಗಡಿಗಳ, ಎಲ್ಲ ಬ್ಯಾಂಕುಗಳ ಬಾಗಿಲೂ ತೆರೆಯಿತು. ಆಬರ್ನ್‌ಗೇ ಬರಬೇಕೆಂಬ ಅಗತ್ಯ ಉಳಿಯಲಿಲ್ಲ. ಅದು ಸಹಜ. ಕೇಳಿ ಪಡೆದ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎನ್ನಬಹುದು. ಹೆದ್ದಾರಿಯ ವಿಷಯದಲ್ಲಿ ಆ ಮಾತು ಹೇಳಲಾಗದು. ಅಂತರರಾಜ್ಯ ಹೆದ್ದಾರಿಯ ನಕ್ಷೆ ಬರೆದವರು ಅದನ್ನು ಈ ಕೇರಿಯ ನಟ್ಟನಡುವೆ ಎಳೆದರು. ಮನೆಗಳು, ಅಂಗಡಿಗಳು ನೆಲಸಮವಾದವು. ಚರ್ಚಿನ ಕಡೆಯ ಅರ್ಧ ಮತ್ತು ವ್ಯಾಪಾರದ ಅರ್ಧ ಬೇರೆಬೇರೆಯಾದವು. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿದ ಈ ಬೀದಿಯನ್ನು 1992ರಲ್ಲಿ ಅತ್ಯಂತ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಬೇಕಾಯಿತು. 2008ರ ಮಾರ್ಚಿನ ಸುಂಟರಗಾಳಿ ಉಳಿದ ಹಳೆಯ ಕಟ್ಟಡಗಳಿಗೂ ಪೆಟ್ಟು ಕೊಟ್ಟಿತು.

ಈ ಕಥೆಗೆ ಮೈಸೂರಿನ ನಂಟೊಂದಿದೆ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈಎಂಸಿಎಯ ವಿಶ್ವ ಸಮ್ಮೇಳನ ನಡೆಯಿತು. ಅಮೆರಿಕದಿಂದ ಬಂದ ಪ್ರತಿನಿಧಿಗಳಲ್ಲಿ ಬೆಂಜಮಿನ್ ಮೇಸ್ ಒಬ್ಬರು. ಮುಂದೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಕಿಂಗ್ ಅವರಿಗೆ ಗುರುವಾದವರು, 1968ರಲ್ಲಿ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಚರಮನುಡಿ ಆಡಿದವರು. ಹತ್ತಿರದ ಹಳ್ಳಿಯೊಂದರ ಅಸ್ಪೃಶ್ಯರ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಕರೆದೊಯ್ದು, ದೊಡ್ಡ ಸಾಧನೆ ಮಾಡಿದ ಒಬ್ಬ ಅಸ್ಪೃಶ್ಯ ಎಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ನೋವಾಯಿತು. ಯೋಚಿಸಿದಾಗ ಅದರಲ್ಲಿನ ಸತ್ಯ ಹೊಳೆಯಿತು ಎಂದು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆ ಪ್ರವಾಸದಲ್ಲೇ ಅವರು ಗಾಂಧೀಜಿಯನ್ನೂ ಕಂಡು ಅಹಿಂಸೆಯ ಬಗ್ಗೆ ಮಾತಾಡಿದ್ದರು. ಇಂದು ಕಿಂಗ್ ಸ್ಮಾರಕದ ಆವರಣದಲ್ಲಿ, ಭಾರತ ಕೊಟ್ಟ ಗಾಂಧಿ ಪ್ರತಿಮೆ ನಿಂತಿದೆ.

ಅಟ್ಲಾಂಟಾದಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ನೃಪತುಂಗ ಕನ್ನಡ ಕೂಟ ಅಲ್ಲಿ ದಶಕಗಳಿಂದ ನಡೆಯುತ್ತಿದೆ. ಅವರಿಗೆ ಅಮೆರಿಕದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ನಾಗರಿಕ ಹಕ್ಕುಗಳ ಹೋರಾಟದ ಬೆನ್ನಿಗೇ. ಮಕ್ಕಳು ಮೊಮ್ಮಕ್ಕಳನ್ನು ನೋಡಲು ಹೋಗುವವರಿಗೆ ಒಂದು ಮಾತು: ಆಬರ್ನ್‌ಗೆ ಅರ್ಧ ದಿನ ಕೊಡಿ. ಸ್ಟ್ರೀಟ್‌ಕಾರ್ ಅಲ್ಲಿಯವರೆಗೂ ಹೋಗುತ್ತದೆ. ಕಿಂಗ್ ಹುಟ್ಟಿದ ಮನೆಯ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿಂದ ಹೆದ್ದಾರಿಯ ಅಡಿ ದಾಟಿ ಪಶ್ಚಿಮಕ್ಕೆ ನಡೆಯಿರಿ. ಆಡ್‌ಫೆಲೋಸ್ ಕಟ್ಟಡ, ಅಪೆಕ್ಸ್ ಮ್ಯೂಸಿಯಂ, 1994ರಲ್ಲಿ ತೆರೆದ ಆಬರ್ನ್ ಅವೆನ್ಯೂ ಸಂಶೋಧನಾ ಗ್ರಂಥಾಲಯ ಎಲ್ಲವೂ ಅಲ್ಲೇ ಸಿಗುತ್ತವೆ. ಊಟಕ್ಕೆ ಎಡ್ಜ್‌ವುಡ್ ಅವೆನ್ಯೂ ಬೀದಿಯ ಕರ್ಬ್ ಮಾರ್ಕೆಟ್‌ಗೆ ಹೋಗಿ. ಒಂದು ಕಾಲಕ್ಕೆ ಕಪ್ಪು ವ್ಯಾಪಾರಿಗಳು ಒಳಗೆ ಮಳಿಗೆ ಹಾಕುವಂತಿರಲಿಲ್ಲ, ಹೊರಗಿನ ರಸ್ತೆಯಂಚಿನಲ್ಲೇ ಮಾರಬೇಕಿತ್ತು. ಈಗ ಒಳಗೇ ಅವರ ಮಳಿಗೆಗಳಿವೆ, ಅಲ್ಲೇ ಉಣ್ಣಿ.