ಕಾವಲಿಯ ಮೇಲೊಂದು ಮುಂಗಾರು

ಭಾನುವಾರ ಹುಣಸೂರಿನ ಅಂಗಡಿಯಿಂದ ಒಂದು ಕೆ.ಜಿ. ಬೂತಾಯಿ ಮೀನು ತಂದೆ. ತಲೆ ಕತ್ತರಿಸಿ ಬೆಕ್ಕಿಗೆ ಎಸೆಯುವ ಮುನ್ನ, ಸುಮ್ಮನೆ ಕುತೂಹಲಕ್ಕೆ, ಒಂದರ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಎತ್ತಿದೆ. ಕೆಂಪು ಕಿವಿರು ಬೇರೆ ಮೀನಿಗೂ ಉಂಟು. ಆದರೆ ಅದರ ಒಳಮಗ್ಗುಲಲ್ಲಿ ಏನದು? ಸೀರಣಿಗೆಯ ಹಲ್ಲಿಗಿಂತ ನವುರಾದ ಬಿಳಿ ಎಳೆಗಳು, ಒತ್ತೊತ್ತಾಗಿ, ನೂರನ್ನೂ ಮೀರಿ!

ಅದು ಜರಡಿ. ನಾಲ್ಕು ಕಾಸಿನ ಮೀನು ಅಂದುಕೊಂಡಿದ್ದೆನಲ್ಲ, ಅದರ ಬಾಯೊಳಗೆ ಇಂಥ ಕುಸುರಿ! ಬೂತಾಯಿ ದೊಡ್ಡ ಬೇಟೆಗಾರನಲ್ಲ. ಬಾಯಿ ತೆರೆದು ಈಜುತ್ತದೆ; ನೀರು ಕಿವಿರಿನಿಂದ ಆಚೆ ಹೋಗುತ್ತದೆ, ನೀರಲ್ಲಿದ್ದ ಸೂಕ್ಷ್ಮಜೀವಿಗಳು ಜರಡಿಯಲ್ಲಿ ಉಳಿಯುತ್ತವೆ. ಅವುಗಳಲ್ಲಿ ಬಹುಪಾಲು ಡಯಾಟಮ್‌ಗಳು. ಗಾಜಿನಂಥ ಚಿಪ್ಪಿನೊಳಗೆ ಬಿಸಿಲುಂಡು ಬದುಕುವ ಏಕಕೋಶದ ಪಾಚಿಗಳು. ನಮ್ಮ ಹಸು ಗೋಮಾಳದಲ್ಲಿ ಮೇಯ್ದಂತೆ ಈ ಮೀನು ಕಡಲನ್ನೇ ಮೇಯುತ್ತದೆ!

1847ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ವಾಲೆನ್ಸಿಯೆನ್ ಇದಕ್ಕಿಟ್ಟ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲ ಲಾಂಗಿಸೆಪ್ಸ್. ಲಾಂಗಿಸೆಪ್ಸ್ ಎಂದರೆ ನೀಳತಲೆ. ನಾನು ಬೆಕ್ಕಿಗೆ ಎಸೆಯುತ್ತಿದ್ದ ಆ ತಲೆಯಿಂದಲೇ ಬಂದ ಹೆಸರು! ಮಂಗಳೂರು, ಉಡುಪಿಯಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ವಯನಾಡಿಗೆ ಇಳಿದರೆ ಮತ್ತಿ.

ಹಾಗಾದರೆ ಬೂತಾಯಿ ಮೇಯುವ ಆ ಪಾಚಿಗೆ ಮೇವು ಹಾಕುವವರು ಯಾರು? ಉತ್ತರ ಸಿಕ್ಕಾಗ ಕೈಲಿದ್ದ ಚಾಕು ಕೆಳಗಿಟ್ಟೆ. ಮುಂಗಾರು! ಮಳೆಗಾಲದ ಗಾಳಿ ಕರಾವಳಿಗುಂಟ ಬೀಸುತ್ತ, ಭೂಮಿಯ ತಿರುಗುವಿಕೆಯೂ ಸೇರಿ, ಮೇಲ್ನೀರನ್ನು ದಡದಿಂದ ಆಚೆ ಸರಿಸುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಉಕ್ಕಿ ಬರುತ್ತದೆ, ತಳದಲ್ಲಿದ್ದ ಗೊಬ್ಬರವನ್ನೆಲ್ಲ ಹೊತ್ತು. ಕಡಲಿಗೇ ಉಳುಮೆ! ಅದೇ ಮುಂಗಾರು ಘಟ್ಟ ಹತ್ತಿ ಕಬಿನಿಯನ್ನು, ಲಕ್ಷ್ಮಣತೀರ್ಥವನ್ನು ತುಂಬಿಸುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸಸಿಗೂ ಕೆ.ಆರ್. ನಗರದ ಭತ್ತದ ಗದ್ದೆಗೂ ನೀರಾಗುತ್ತದೆ. ನಮ್ಮ ನದಿಗಳು ಮೂಡಣಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತವೆ. ಮೀನು ಪಡುವಣದಿಂದ ಸುಳ್ಯ, ಮಡಿಕೇರಿ, ಕುಶಾಲನಗರ ದಾಟಿ ಐಸಿನಲ್ಲಿ ಮಲಗಿ ಬರುತ್ತದೆ. ತಟ್ಟೆಯಲ್ಲಿ ಅನ್ನ ಮತ್ತು ಬೂತಾಯಿ ಸಾರು ಕೂಡಿದಾಗ ಒಂದೇ ಮಳೆಯ ಇಬ್ಬರು ಮಕ್ಕಳು ಕೂಡಿದಂತೆ!

ಮಳೆಗಾಲವೇ ಇದರ ಸಂತಾನಕಾಲವೂ ಹೌದು. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ವರ್ಷ ತುಂಬುವಷ್ಟರಲ್ಲಿ ಮರಿ ಚೋಟುದ್ದ, ಸುಮಾರು 15 ಸೆಂ.ಮೀ. ಬೆಳೆದು ತಾನೇ ತಾಯಾಗುತ್ತದೆ. ಆಯಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಆ ಚಿಕ್ಕ ಬಾಳಿನಲ್ಲಿ ಡಯಾಟಮ್‌ಗಳ ಒಮೆಗಾ-3 ಕೊಬ್ಬನ್ನು ಮೈತುಂಬ ಕೂಡಿಟ್ಟುಕೊಳ್ಳುತ್ತದೆ. ಕಾವಲಿಗೆ ಹಾಕಿದೊಡನೆ ಚೊರ್ ಎಂದು ಬಿಡುವ ಎಣ್ಣೆ ಅದೇ. ಹಿಂದೆ ಈ ಎಣ್ಣೆಯನ್ನೇ ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಹಿಂಡಿ ಉಳಿದದ್ದು ತೆಂಗಿಗೆ, ಕಾಫಿಗೆ ಗೊಬ್ಬರ. ಇಂದು ಮೀನುಹುಡಿಯಾಗಿ ಕೋಳಿ, ಸಿಗಡಿಗಳ ಮೇವಿಗೂ ಹೋಗುತ್ತದೆ.

2023ರಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೂತಾಯಿಯ ಇಡೀ ವಂಶವಾಹಿ ನಕ್ಷೆಯನ್ನು ಬಿಡಿಸಿಟ್ಟರು. ಪ್ರೋಟೀನ್ ತಯಾರಿಸುವ ಜೀನ್‌ಗಳು 46,316! ಮನುಷ್ಯನಲ್ಲಿರುವುದು ಸುಮಾರು 20,000.

ಇಷ್ಟೆಲ್ಲ ಇರುವ ಮೀನು ಮಾಯವಾಗುವುದೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಕೇರಳದ ದಡಕ್ಕೆ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಕಾರಣ, ಕಾದ ಕಡಲು, ಹವೆಯನ್ನೇ ಏರುಪೇರು ಮಾಡುವ ಎಲ್‌ ನಿನೊ, ಜೊತೆಗೆ ತಾಯಾಗುವ ಮೊದಲೇ ಬಲೆಗೆ ಬಿದ್ದ ಮರಿಗಳು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವುದು ಮೀನಿಗೆ ಮರಿ ಮಾಡಲು ಬಿಡುವು ಸಿಗಲೆಂದು. 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ಕೇರಳ ಕಾನೂನನ್ನೇ ಮಾಡಿದೆ.

ಕಡಲಿನಿಂದ ದೂರದಲ್ಲಿರುವ ನಮಗೂ ಇದರಲ್ಲೊಂದು ಪಾಲಿದೆ. ಬೆರಳುದ್ದದ ಮರಿಗಳನ್ನು ಅಗ್ಗಕ್ಕೆ ಕೊಡುತ್ತೇನೆಂದರೂ ಬೇಡ ಅನ್ನಿ. ಚೋಟುದ್ದದ್ದನ್ನೇ ಕೇಳಿ ಕೊಳ್ಳಿ. ಮನೆಗೆ ತಂದಮೇಲೆ ತಲೆ ಎಸೆಯಬೇಡಿ. ಮಕ್ಕಳನ್ನು ಕರೆದು, ಕಿವಿರಿನ ಮುಚ್ಚಳ ಎತ್ತಿ, ಆ ಜರಡಿ ತೋರಿಸಿ. ಬೆಕ್ಕು ಐದು ನಿಮಿಷ ಕಾಯಲಿ.