ಕುಲವೋ, ಕೆಲಸವೋ?

ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಭಾಷೆಗಳಲ್ಲಿಯೂ ಒಂದು ಹಳೆಯ ಪ್ರಶ್ನೆಯುಂಟು: ವಸ್ತುವನ್ನು ಅದರ ಕುಲದಿಂದ ಗುರುತಿಸಬೇಕೇ, ಅದು ಮಾಡಬಲ್ಲ ಕೆಲಸದಿಂದ ಗುರುತಿಸಬೇಕೇ? ಕಲಾವಿಭಾಗದ ನಮಗೆ ಇದರ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಹೆಸರಿಗೂ ಅರ್ಥಕ್ಕೂ ಇರುವ ಸಂಬಂಧವೇ ಇಲ್ಲಿನ ವಿಚಾರವಾದುದರಿಂದ ಇದು ನಮ್ಮದೂ ಹೌದೆಂದು ನನ್ನ ಭಾವನೆ.

1995ರಲ್ಲಿ ಹೊರಬಂದ ಜಾವಾ ಭಾಷೆ ಮೊದಲ ಪಕ್ಷದ್ದು. ಅಲ್ಲಿ ‘ಇಂಟರ್‌ಫೇಸ್’ ಎಂದರೆ ಬೇಕಾದ ಕೆಲಸಗಳನ್ನು ಪಟ್ಟಿಮಾಡಿದ ಕರಾರು. ಒಂದು ಕ್ಲಾಸು, ಅಂದರೆ ವಸ್ತುಗಳನ್ನು ತಯಾರಿಸುವ ಅಚ್ಚು, ಆ ಕೆಲಸಗಳನ್ನೆಲ್ಲ ಬಲ್ಲುದಾದರೂ ಕರಾರಿನ ಹೆಸರು ಹೇಳಿ ಒಪ್ಪಿಕೊಂಡಿರದಿದ್ದರೆ ಅದಕ್ಕೆ ಪ್ರವೇಶವಿಲ್ಲ. ಇದು ನಾಮಾಧಾರಿತ ಪದ್ಧತಿ.

ನೆದರ್‌ಲೆಂಡ್ಸಿನ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಬೇರೆ ದಾರಿ ಹಿಡಿದಿತ್ತು. ‘ಓದು’ ಎಂಬ ಕೆಲಸ ಬೇಕಾದಲ್ಲಿ, ಬಂದ ವಸ್ತು ಕಡತವೋ, ದೂರದ ಯಂತ್ರದ ಸಂಪರ್ಕವೋ ಎಂದು ಅದು ವಿಚಾರಿಸದು. ‘ಓದು’ ಇದ್ದರೆ ಸಾಕು. ಬಾತುಕೋಳಿಯಂತೆ ನಡೆದು, ಬಾತುಕೋಳಿಯಂತೆ ಕೂಗುವುದು ಬಾತುಕೋಳಿಯೇ ಎಂಬ ಇಂಗ್ಲಿಷ್ ಮಾತಿನಿಂದ ಇದಕ್ಕೆ ‘ಡಕ್ ಟೈಪಿಂಗ್’ ಎಂಬ ಹೆಸರು ಬಂದಿದೆ. ಆದರೆ ‘ಓದು’ ಇಲ್ಲದ ವಸ್ತು ಬಂದರೆ ಅದು ತಿಳಿಯುವುದು ಕೆಲಸ ನಡೆಯುತ್ತಿರುವಾಗಲೇ. ಪಂಕ್ತಿಯಲ್ಲಿ ಕುಳಿತ ಮೇಲೆ ಎಲೆಯಿಲ್ಲವೆಂದು ತಿಳಿದಂತೆ.

ಈ ಎರಡನ್ನೂ ಹೊಂದಿಸುವ ಯತ್ನವೇ 2019ರಲ್ಲಿ ಪೈಥಾನ್ 3.8ಕ್ಕೆ ಸೇರಿದ ‘ಪ್ರೋಟೋಕಾಲ್’. ಬೇಕಾದ ಕೆಲಸಗಳ ಹೆಸರನ್ನೂ, ಅವು ಏನನ್ನು ಪಡೆದು ಏನನ್ನು ಕೊಡಬೇಕೆಂಬುದನ್ನೂ ಬರೆದಿಟ್ಟರೆ, ಮೈಪೈಯಂಥ ತನಿಖೆಯ ಸಾಧನವು ಪ್ರೋಗ್ರಾಮು ನಡೆಯುವ ಮೊದಲೇ ವಸ್ತುವಿನ ರಚನೆಯನ್ನು ಅದರೊಡನೆ ಹೋಲಿಸಿ ನೋಡುತ್ತದೆ. ಹೊಂದಿದರೆ ಸರಿ, ಕುಲನಾಮ ಬೇಕಿಲ್ಲ. ಇದೇ ರಚನಾಧಾರಿತ ಪದ್ಧತಿ. 2009ರಲ್ಲಿ ಪ್ರಕಟವಾದ ಗೋ ಭಾಷೆಯ ಇಂಟರ್‌ಫೇಸುಗಳೂ ಹೀಗೆಯೇ. ಇತರರು ಹಿಂದೆಂದೋ ಬರೆದ, ನಾವು ತಿದ್ದಲಾಗದ ಕ್ಲಾಸು ಕೂಡ ನಾವು ಇಂದು ಬರೆದ ಕರಾರಿಗೆ ಒದಗುವುದು ಇದರ ದೊಡ್ಡ ಲಾಭ.

ಆದರೆ ರಚನೆ ಹೊಂದಿದ ಮಾತ್ರಕ್ಕೆ ಅರ್ಥವೂ ಹೊಂದಿತೆನ್ನಲಾಗದು. ನಮ್ಮ ‘ತೆಗೆ’ ಎಂಬ ಮಾತನ್ನೇ ನೋಡಿ. ಬಾಗಿಲು ತೆಗೆ ಎಂದರೆ ತೆರೆ. ಕಸ ತೆಗೆ ಎಂದರೆ ಇಲ್ಲವಾಗಿಸು. ಒಬ್ಬರ ಕ್ಲಾಸಿನಲ್ಲಿ ‘ತೆಗೆ’ ಕಡತವನ್ನು ತೆರೆಯಬಹುದು; ಇನ್ನೊಬ್ಬರದರಲ್ಲಿ ಅಳಿಸಿಯೇ ಬಿಡಬಹುದು. ತನಿಖೆಯ ಸಾಧನಕ್ಕೆ ಎರಡೂ ಒಂದೇ. ಕಡತದ ಒಡೆಯನಿಗೆ ಹಾಗಲ್ಲ. ಹೆಸರು ಹೇಳಿ ಕರಾರನ್ನು ಒಪ್ಪುವಾಗ ಅದರ ಅರ್ಥಕ್ಕೂ ಬದ್ಧನೆಂದು ಬರೆದವನು ಸಾರಿದಂತಾಗುತ್ತದೆ. ಅಷ್ಟರಮಟ್ಟಿಗೆ ಜಾವಾದ ಕಟ್ಟುನಿಟ್ಟಿಗೂ ಬೆಲೆಯುಂಟು.

ಕುಲ ಕೇಳದೆ ಕೆಲಸ ನೋಡುವುದೇ ಮೇಲೆಂದು ನನ್ನ ಮತ. ಆದರೆ ಕೆಲಸಕ್ಕೆ ಹೆಸರಿಡುವಾಗ ಎಚ್ಚರ ಬೇಕು. ಆ ಎಚ್ಚರವನ್ನು ಯಂತ್ರ ನಮಗಾಗಿ ವಹಿಸಲಾರದು. ಮಾತಿನ ಅರ್ಥವನ್ನು ತೂಗಿ ನೋಡುವ ಅಭ್ಯಾಸವುಳ್ಳವರೇ ವಹಿಸಬೇಕು.