ಕೋಲಾರ ಜಿಲ್ಲೆಯಲ್ಲಿ ಫ್ಲೋರೈಡ್ ಮತ್ತು ಮಕ್ಕಳ ಮೂಳೆಗಳ ಆರೋಗ್ಯ

ಕೋಲಾರ ಜಿಲ್ಲೆಯಲ್ಲಿ ಅಂತರ್ಜಲದ ಮೂಲಕ ದೇಹ ಸೇರುವ ಅಧಿಕ ಫ್ಲೋರೈಡ್, ಬೆಳೆಯುವ ವಯಸ್ಸಿನ ಮಕ್ಕಳ ಹಲ್ಲು ಮತ್ತು ಮೂಳೆಗಳ ಮೇಲೆ ದೀರ್ಘಕಾಲೀನ ಪರಿಣಾಮ ಬೀರುವ ಪರಿಸರ ಮಾಲಿನ್ಯಕಾರಕಗಳಲ್ಲಿ ಪ್ರಮುಖವಾದುದು. ಇದರಿಂದ ಉಂಟಾಗುವ ರೋಗವನ್ನು ಫ್ಲೋರೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಹಿನ್ನೆಲೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಪಾಲಾರ್ ನದಿ ಮಳೆಗಾಲದಲ್ಲಿ ಮಾತ್ರ ನೀರು ಕಾಣುತ್ತದೆ. ಕೋರಮಂಡಲ್, ಚಾಂಪಿಯನ್ ರೀಫ್, ಊರಗಾಂ, ಮಾರಿಕುಪ್ಪಂ ಮುಂತಾದ ಬಡಾವಣೆಗಳುಳ್ಳ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಇದೇ ನದಿಯ ಬೇತಮಂಗಲ ಜಲಾಶಯದಿಂದ ನೀರು ಬರುತ್ತಿತ್ತು. ಬಂಗಾರಪೇಟೆ ಸುತ್ತಲಿನ ಹಳ್ಳಿಗಳು ಕೆರೆ ಮತ್ತು ತೆರೆದ ಬಾವಿಗಳನ್ನು ಅವಲಂಬಿಸಿದ್ದವು. ಕೆರೆಗಳು ಬತ್ತಿ ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ದಾಟಿದ ಮೇಲೆ ನೀರಿನ ಗುಣವೂ ಬದಲಾಯಿತು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಅಪಟೈಟ್, ಬಯೋಟೈಟ್, ಹಾರ್ನ್‌ಬ್ಲೆಂಡ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ಆಳದ ಬಿರುಕುಗಳಲ್ಲಿ ನೀರು ಬಂಡೆಯೊಡನೆ ಬಹುಕಾಲ ಉಳಿದಾಗ ಅದು ಕರಗಿ ನೀರಿಗೆ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಸುಲಭವಾಗಿ ಕರಗುತ್ತದೆ. ಮಾಲಿನ್ಯವೆಂದೊಡನೆ ಕಾರ್ಖಾನೆ ನೆನಪಾಗುವುದು ಸಹಜವಾದರೂ ಇಲ್ಲಿ ವಿಷದ ಮೂಲ ಬಂಡೆಯೇ. ಮನುಷ್ಯ ಮಾಡಿದ್ದು ಅದರ ಆಳಕ್ಕೆ ಕೊರೆದದ್ದು.

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಮಿ.ಗ್ರಾಂ. ಆದರೆ ಮಿತಿಯನ್ನು ಲೀಟರಿನ ಲೆಕ್ಕದಲ್ಲಿ ಹೇಳಿದರೂ ದೇಹಕ್ಕೆ ಮುಖ್ಯವಾದುದು ದಿನದ ಒಟ್ಟು ಸೇವನೆ. ಬಿಸಿಲು ಪ್ರದೇಶದಲ್ಲಿ ಮಗು ಕುಡಿಯುವ ನೀರು ಹೆಚ್ಚು, ದೇಹದ ತೂಕ ಕಡಿಮೆ.

ಮೂಳೆಯ ಮೇಲಿನ ಪರಿಣಾಮ

ಮೂಳೆಯ ಗಟ್ಟಿತನಕ್ಕೆ ಕಾರಣವಾದ ಖನಿಜ ಹೈಡ್ರಾಕ್ಸಿಅಪಟೈಟ್. ರಕ್ತದಲ್ಲಿರುವ ಫ್ಲೋರೈಡ್ ಈ ಖನಿಜದ ಹೈಡ್ರಾಕ್ಸಿಲ್ ಸ್ಥಾನವನ್ನು ಆಕ್ರಮಿಸಿ ಅದನ್ನು ಭಾಗಶಃ ಫ್ಲೋರಪಟೈಟ್ ಆಗಿ ಮಾರ್ಪಡಿಸುತ್ತದೆ. ಜೊತೆಗೆ ಮೂಳೆ ಕಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ. ಹೀಗೆ ಬೆಳೆದ ಮೂಳೆ ಎಕ್ಸ್-ರೇಯಲ್ಲಿ ದಟ್ಟವಾಗಿ ಕಂಡರೂ ಒಳರಚನೆ ಕ್ರಮಬದ್ಧವಾಗಿರುವುದಿಲ್ಲ. ದಟ್ಟ ಮೂಳೆ ಬಲಿಷ್ಠ ಮೂಳೆಯಲ್ಲ.

ವಯಸ್ಕರು ಹೀರಿಕೊಂಡ ಫ್ಲೋರೈಡಿನಲ್ಲಿ ಸುಮಾರು ಅರ್ಧದಷ್ಟು ಮೂತ್ರದ ಮೂಲಕ ಹೊರಹೋಗುತ್ತದೆ. ಮಕ್ಕಳಲ್ಲಿ ಹೊಸ ಮೂಳೆ ವೇಗವಾಗಿ ರಚನೆಯಾಗುತ್ತಿರುವುದರಿಂದ ಉಳಿಯುವ ಪಾಲು ಹೆಚ್ಚು. ಸಂಚಯದ ಮೊದಲ ಗುರುತು ಹಲ್ಲಿನಲ್ಲಿ ಕಾಣುತ್ತದೆ: ಸುಮಾರು ಎಂಟು ವರ್ಷದೊಳಗೆ, ಎನಾಮಲ್ ರೂಪುಗೊಳ್ಳುವಾಗ, ಅಧಿಕ ಫ್ಲೋರೈಡ್ ಸೇವಿಸಿದ ಮಕ್ಕಳ ಶಾಶ್ವತ ಹಲ್ಲುಗಳು ಬಿಳಿ ಸುಣ್ಣದಂಥ ಅಥವಾ ಕಂದು ಪಟ್ಟೆಗಳೊಡನೆ ಹುಟ್ಟುತ್ತವೆ. ಇದು ತೊಳೆದರೆ ಹೋಗುವ ಕಲೆಯಲ್ಲ. ಹಲ್ಲುಜ್ಜದ ಮಗುವೆಂದು ಶಾಲೆಯಲ್ಲಿ ಗದರಿಸುವುದರಿಂದ ಪ್ರಯೋಜನವಿಲ್ಲ. ಆ ಮಗುವಿನ ಮನೆಯ ನೀರನ್ನು ಪರೀಕ್ಷಿಸಬೇಕು.

ಲೀಟರಿಗೆ 3ರಿಂದ 6 ಮಿ.ಗ್ರಾಂ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ಫ್ಲೋರೋಸಿಸ್ ಕಾಣಿಸಿಕೊಳ್ಳಬಹುದು. ಕೀಲುನೋವು, ಬೆನ್ನು ಮತ್ತು ಕುತ್ತಿಗೆಯ ಬಿಗಿತದಿಂದ ಆರಂಭವಾಗಿ, ಕೊನೆಯ ಹಂತದಲ್ಲಿ ಅಸ್ಥಿರಜ್ಜುಗಳು ಸುಣ್ಣಗಟ್ಟಿ ದೇಹ ಬಾಗುತ್ತದೆ. ಆ ಹಂತ ಸಾಮಾನ್ಯವಾಗಿ ವಯಸ್ಕರದು. ಮಕ್ಕಳಲ್ಲಿ ರೋಗದ ರೂಪವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಹಾರ. ಕ್ಯಾಲ್ಸಿಯಂ ಕೊರತೆಯಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿ ಹೆಚ್ಚು ಸ್ರವಿಸಿ ಮೂಳೆಯಿಂದಲೇ ಕ್ಯಾಲ್ಸಿಯಂ ಸೆಳೆಯುತ್ತದೆ. ಮೂಳೆ ಮೆದುವಾಗಿ ಕಾಲುಗಳು ಸೊಟ್ಟಗಾಗುತ್ತವೆ. ಮಂಡಿಗಳು ಒಂದಕ್ಕೊಂದು ತಾಗಿ ಪಾದಗಳು ದೂರ ಸರಿಯುವ ಇಂಥ ವಿರೂಪವನ್ನು ಫ್ಲೋರೈಡ್ ಪೀಡಿತ ಪ್ರದೇಶದಲ್ಲಿ ಗುರುತಿಸಿ, ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು.

ಈ ದೃಷ್ಟಿಯಿಂದ ಕೋಲಾರದ ರಾಗಿ ಮುದ್ದೆ ಗಮನಾರ್ಹ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ಹಾಲು, ಸೊಪ್ಪು, ನೆಲ್ಲಿಕಾಯಿಗಳೂ ಸಹಾಯಕ. ಆದರೆ ಒಳ್ಳೆಯ ಆಹಾರವು ಕೆಟ್ಟ ನೀರಿಗೆ ಪರಿಹಾರವಲ್ಲ.

ಗಣಿ ಪ್ರದೇಶದ ದಿಬ್ಬಗಳು

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ ಅದಿರು ಸಂಸ್ಕರಿಸಿ ಉಳಿದ ಮಣ್ಣಿನ ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಜನ ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿಗೆ ಏಳುವ ಇವುಗಳ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದರೆ ಸೈನೈಡ್ ಮೂಳೆಯಲ್ಲಿ ಸಂಚಯವಾಗುವ ವಸ್ತುವಲ್ಲ. ಮೂಳೆಯ ತೊಂದರೆಯನ್ನು ಅದರ ತಲೆಗೆ ಕಟ್ಟುವುದು ಸರಿಯಲ್ಲ. ಮೂಳೆಯಲ್ಲಿ ನೆಲೆಸುವ ಇನ್ನೊಂದು ಮಾಲಿನ್ಯಕಾರಕವೆಂದರೆ ಸೀಸ. ಅದು ಕ್ಯಾಲ್ಸಿಯಂನ ಸ್ಥಾನದಲ್ಲಿ ಸೇರಿಕೊಂಡು ದಶಕಗಳ ಕಾಲ ಉಳಿಯಬಲ್ಲದು.

ನಿಯಂತ್ರಣ

ಫ್ಲೋರೈಡ್ ನೀರನ್ನು ಕುದಿಸಿದರೆ ಶುದ್ಧವಾಗುವುದಿಲ್ಲ; ನೀರು ಆವಿಯಾದಂತೆ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ಕೆಳಗಿಳಿಸಲಾಗುತ್ತದೆ. ಸಕ್ರಿಯ ಅಲ್ಯುಮಿನಾ ಸೋಸುಕಗಳೂ ಬಳಕೆಯಲ್ಲಿವೆ. ಕರ್ನಾಟಕದ ಹಳ್ಳಿಗಳಲ್ಲಿ ಈಗ ಹೆಚ್ಚು ಪರಿಚಿತವಾಗಿರುವುದು ಆರ್.ಓ. ತಂತ್ರಜ್ಞಾನದ ಶುದ್ಧ ಕುಡಿಯುವ ನೀರಿನ ಘಟಕ. ಇದರ ನೀರನ್ನು ಕುಡಿಯಲು ಮಾತ್ರ ಬಳಸಿ, ಅನ್ನ ಸಾರುಗಳಿಗೆ ಕೊಳವೆ ಬಾವಿಯ ನೀರನ್ನೇ ಹಾಕಿದರೆ ಫ್ಲೋರೈಡ್ ಆಹಾರದೊಡನೆ ಹೊಟ್ಟೆ ಸೇರುತ್ತದೆ. ಘಟಕ ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುವುದರಿಂದ ಅದನ್ನು ದನಕರುಗಳಿಗೆ ಕುಡಿಸಬಾರದು.

ಕೇಂದ್ರ ಸರ್ಕಾರ 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳನ್ನು ತಲುಪಿತು. ಇದು ಅಂತರ್ಜಲ ಮರುಪೂರಣಕ್ಕೆಂದು ಬಂದ ನೀರೇ ಹೊರತು ಕುಡಿಯುವ ನೀರಲ್ಲ. ಸಂಸ್ಕರಣೆ ಎರಡನೆಯ ಹಂತಕ್ಕೇ ನಿಲ್ಲುವುದರ ಕುರಿತ ಆಕ್ಷೇಪಗಳು ನ್ಯಾಯಾಲಯದವರೆಗೂ ಹೋದವು. ಕುಡಿಯುವ ನೀರಿಗಾಗಿ ಜಿಲ್ಲೆ ಕಾಯುತ್ತಿರುವುದು ಎತ್ತಿನಹೊಳೆ ಯೋಜನೆಗೆ. ಅದರ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು.

ನೀರಿನ ಮೂಲ ಬದಲಾದರೆ ಮೂಳೆಯಲ್ಲಿರುವ ಫ್ಲೋರೈಡ್ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ. ಹಲ್ಲಿನ ಕಲೆ ಮತ್ತು ಸೊಟ್ಟಗಾದ ಕಾಲು ಮಾತ್ರ ತಾವಾಗಿಯೇ ಸರಿಹೋಗುವುದಿಲ್ಲ. ತೀವ್ರ ವಿರೂಪಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.